ರೋಗ 'ಹಬ್ಬಿದೆ' ಅಂತ ಇಂಗ್ಲಿಷಿನಲ್ಲಿ ಹೇಗೆ ಬರೆಯೋದು?

ಪ್ರಶ್ನೆ: ಮೇಡಂ, ನಾನು ಮಂಡ್ಯದ ಹತ್ತಿರದ ಹಳ್ಳಿಯವನು. ಬೀಜ, ಔಷಧಿ ಮಾರುವ ಕಂಪನಿಯೊಂದರಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿದ್ದೇನೆ. ಓದಿದ್ದು ಕನ್ನಡ ಮೀಡಿಯಂ. ಹೋದ ತಿಂಗಳು ನಮ್ಮ ಕಡೆ ಭತ್ತಕ್ಕೆ ಬೆಂಕಿ ರೋಗ ಬಂತು. ಒಂದು ಊರಿನಿಂದ ಮೂರು ಊರಿಗೆ ಹಬ್ಬಿತು. ಹೆಡ್ ಆಫೀಸಿಗೆ ಇಂಗ್ಲಿಷಿನಲ್ಲಿ ರಿಪೋರ್ಟ್ ಕಳಿಸಬೇಕಿತ್ತು. ನಾನು ಬರೆದಿದ್ದು ಹೀಗೆ: 'ದಿ ಡಿಸೀಸ್ ಈಸ್ ಸ್ಪ್ರೆಡ್ಡೆಡ್ ಟು ತ್ರೀ ವಿಲೇಜಸ್ ಸಿನ್ಸ್ ಟೆನ್ ಡೇಸ್.' ಮ್ಯಾನೇಜರ್ ಎಲ್ಲರ ಮುಂದೆ ಓದಿ ನಕ್ಕರು. 'ಹ್ಯಾಸ್ ಸ್ಪ್ರೆಡ್' ಅಂತ ಬರೆಯಬೇಕು ಅಂದರು. ಪಕ್ಕದ ಟೇಬಲ್ಲಿನವನು 'ಹ್ಯಾಸ್ ಬೀನ್ ಸ್ಪ್ರೆಡ್' ಅಂದರೆ ಇನ್ನೂ ಚೆನ್ನಾಗಿರುತ್ತೆ ಅಂತಾನೆ. ಇನ್ನೊಬ್ಬ, ಆಗಿಹೋದ ವಿಷಯ ಅಲ್ವಾ, 'ಹ್ಯಾಡ್ ಸ್ಪ್ರೆಡ್' ಹಾಕು ಅಂತಾನೆ. ಯಾವುದು ಸರಿ? ಈ ಪದಕ್ಕೆ 'ಈಡಿ' ಯಾಕೆ ಸೇರಿಸಬಾರದು? ಸದ್ಯದಲ್ಲೇ ಪ್ರಮೋಷನ್ ಇಂಟರ್‌ವ್ಯೂ ಇದೆ. ಬಾಯಿ ತೆರೆಯೋಕೇ ಹೆದರಿಕೆ ಆಗ್ತಿದೆ.

ಉತ್ತರ: ನಿಮ್ಮ ಮ್ಯಾನೇಜರ್ ಹೇಳಿದ್ದು ಸರಿ, ನಕ್ಕಿದ್ದು ಸರಿಯಲ್ಲ. ಮೈಸೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ನಿಮ್ಮ ವಾಕ್ಯದಲ್ಲಿರುವ ಮೂರು ತಪ್ಪುಗಳನ್ನು ಇಂಜಿನಿಯರುಗಳು, ಬ್ಯಾಂಕಿನವರು, ಇಂಗ್ಲಿಷ್ ಮೀಡಿಯಂನಲ್ಲೇ ಬೆಳೆದ ಮಕ್ಕಳು ಎಲ್ಲರೂ ಮಾಡುತ್ತಾರೆ. ಇವು ದಡ್ಡತನದಿಂದ ಬರುವ ತಪ್ಪುಗಳಲ್ಲ. ಮೂರರಲ್ಲಿ ಎರಡು ನಿಮ್ಮ ಕನ್ನಡ ಚೆನ್ನಾಗಿರೋದರಿಂದಲೇ ಬಂದಿವೆ. ಹೇಗೆ ಅಂತ ಹೇಳ್ತೀನಿ.

ಮೊದಲು ಆ 'ಈಡಿ' ವಿಷಯ ಮುಗಿಸೋಣ. 'ಸ್ಪ್ರೆಡ್ಡೆಡ್' ಅನ್ನೋ ಪದ ಇವತ್ತಿನ ಇಂಗ್ಲಿಷಿನಲ್ಲಿ ಇಲ್ಲ. ಶಾಲೆಯಲ್ಲಿ ವಿ-1, ವಿ-2, ವಿ-3 ಅಂತ ಬಾಯಿಪಾಠ ಮಾಡಿಸುತ್ತಿದ್ದರಲ್ಲ? 'ಕಟ್ ಕಟ್ ಕಟ್, ಪುಟ್ ಪುಟ್ ಪುಟ್' ಅಂತ ಹೇಳುವಾಗ ಹಿಂದಿನ ಬೆಂಚಿನವರು ನಗುತ್ತಿದ್ದರು. ಅದೇ ಗುಂಪಿನದು ಇದೂ: ಸ್ಪ್ರೆಡ್, ಸ್ಪ್ರೆಡ್, ಸ್ಪ್ರೆಡ್. ಹಿಟ್, ಶಟ್, ಸೆಟ್, ಹರ್ಟ್, ಬರ್ಸ್ಟ್, ಸ್ಪ್ಲಿಟ್, ಶೆಡ್ ಎಲ್ಲ ಇದೇ ಜಾತಿ. ಒಂದು ಸಮಾನ ಅಂಶ ಗಮನಿಸಿ. ಎಲ್ಲವೂ ಟ ಅಥವಾ ಡ ಸದ್ದಿನಲ್ಲಿ ಮುಗಿಯುತ್ತವೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ಸ್ಪ್ರೆಡ್'ಗೂ ಭೂತಕಾಲದ ಬಾಲ ಇತ್ತು. ಡಕಾರದ ಮೇಲೆ ಇನ್ನೊಂದು ಡಕಾರ, ಕೊನೆಗೊಂದು ಸ್ವರ, ಹೆಚ್ಚುಕಮ್ಮಿ 'ಸ್ಪ್ರೆಡ್ಡೆ' ಅನ್ನೋ ಥರ. ಕಾಲಕ್ರಮದಲ್ಲಿ ಕೊನೆಯ ಸ್ವರ ಉದುರಿತು. ಸ್ವರ ಹೋದ ಮೇಲೆ ಎರಡು ಡ ಯಾರ ಕಿವಿಗೂ ಬೇರೆಬೇರೆಯಾಗಿ ಕೇಳಿಸಲ್ಲ, ಒಂದೇ ಆಯಿತು. ಹಾಗಾಗಿ ಈ ಪದಕ್ಕೆ ಬಾಲ ಇಲ್ಲ ಅಂತಲ್ಲ, ಇದು ತನ್ನ ಬಾಲವನ್ನು ತಾನೇ ನುಂಗಿಕೊಂಡಿದೆ. ನೀವು ಹೊಸದಾಗಿ ಇನ್ನೊಂದು ಬಾಲ ಅಂಟಿಸಬೇಡಿ, ಅಷ್ಟೇ.

ಇನ್ನು ಮುಖ್ಯ ವಿಷಯ. 'ಹ್ಯಾಸ್ ಸ್ಪ್ರೆಡ್' ಥರದ ರೂಪಕ್ಕೆ ವ್ಯಾಕರಣದಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಅನ್ನುತ್ತಾರೆ. ಅದು ಇಂಗ್ಲಿಷಿನವರ ಹತ್ತಿರ ಮಾತ್ರ ಇರೋ ವಿಚಿತ್ರ ವಸ್ತು, ನಮಗೆ ಅದು ಅರ್ಥ ಆಗಲ್ಲ ಅಂತ ಬಹಳ ಜನ ನಂಬಿಕೊಂಡಿದ್ದಾರೆ. ಸುಳ್ಳು. ಅದನ್ನು ನೀವು ದಿನಾ ಬಳಸುತ್ತೀರಿ. ಕನ್ನಡದಲ್ಲಿ 'ರೋಗ ಹಬ್ಬಿತು' ಅಂತಲೂ ಅನ್ನುತ್ತೀರಿ, 'ರೋಗ ಹಬ್ಬಿದೆ' ಅಂತಲೂ ಅನ್ನುತ್ತೀರಿ. ಎರಡೂ ಒಂದೇನಾ? ಬೆಳಿಗ್ಗೆ ಗದ್ದೆ ಬದುವಿನ ಮೇಲೆ ನಿಂತು, ಎಲೆ ಮೇಲೆ ನೂಲುವ ಕದಿರಿನ ಆಕಾರದ ಕಂದು ಚುಕ್ಕೆಗಳನ್ನು ನೋಡುತ್ತಾ ರೈತರಿಗೆ ಏನು ಹೇಳುತ್ತೀರಿ? 'ಅಣ್ಣಾ, ಇಲ್ಲಿಗೂ ಹಬ್ಬಿದೆ' ಅನ್ನುತ್ತೀರಿ. 'ಹಬ್ಬಿತು' ಅನ್ನಲ್ಲ. ಯಾಕೆ? ಹಬ್ಬಿದ್ದು ಯಾವಾಗಲೋ, ಅದರ ಗುರುತು ಈಗ ಕಣ್ಣೆದುರಿಗೆ ಇದೆ. ಅದನ್ನೇ ಆ 'ಇದೆ' ಹೇಳೋದು. ಅದೇ ಮುಂದಿನ ವರ್ಷ ಕಟ್ಟೆ ಮೇಲೆ ಕೂತು ಕತೆ ಹೇಳುವಾಗ 'ಆ ವರ್ಷ ಮೂರು ಊರಿಗೆ ಹಬ್ಬಿತು' ಅನ್ನುತ್ತೀರಿ. ಅಲ್ಲಿ ಕಣ್ಣೆದುರು ಏನೂ ಇಲ್ಲ, ನಡೆದದ್ದು ಮಾತ್ರ.

ಹಬ್ಬಿತು ಅಂದರೆ 'ಸ್ಪ್ರೆಡ್'. ಹಬ್ಬಿದೆ ಅಂದರೆ 'ಹ್ಯಾಸ್ ಸ್ಪ್ರೆಡ್'. 'ಇಲ್ಲ' ಅನ್ನುವಾಗಲೂ ಕನ್ನಡ ಈ ಲೆಕ್ಕ ಬಿಡಲ್ಲ ನೋಡಿ. 'ಹಬ್ಬಲಿಲ್ಲ' ಬೇರೆ, 'ಹಬ್ಬಿಲ್ಲ' ಬೇರೆ. ಮೊದಲನೆಯದು 'ಡಿಡ್ ನಾಟ್ ಸ್ಪ್ರೆಡ್', ಎರಡನೆಯದು 'ಹ್ಯಾಸ್ ನಾಟ್ ಸ್ಪ್ರೆಡ್'. 'ಇನ್ನೂ' ಅನ್ನೋ ಪದ ಸೇರಿಸಿ ನೋಡಿ. 'ಇನ್ನೂ ಹಬ್ಬಿಲ್ಲ' ಸರಾಗವಾಗಿ ಬರುತ್ತೆ. 'ಇನ್ನೂ ಹಬ್ಬಲಿಲ್ಲ' ಅಂದರೆ ನಮ್ಮ ಕಡೆಯವರ ನಾಲಗೆ ತಡವರಿಸುತ್ತೆ. ನಾನು ತರಗತಿಯಲ್ಲಿ ಹೊಸಬರಿಗೆ ಮೊದಲ ದಿನವೇ ಇದನ್ನು ಹೇಳಿಸುತ್ತೇನೆ. ಹತ್ತು ನಿಮಿಷದಲ್ಲಿ ಅರ್ಧ ಭಯ ಹೋಗುತ್ತೆ.

ಹಾಗಾದರೆ ಎಡವೋದು ಎಲ್ಲಿ? ಮೊದಲನೆಯದು ಆ 'ಇದೆ'ಯಲ್ಲೇ. ಕನ್ನಡ ಈ ಕಾಲವನ್ನು 'ಇರು' ಧಾತುವಿನಿಂದ ಕಟ್ಟುತ್ತೆ: ಹಬ್ಬಿ ಪ್ಲಸ್ ಇದೆ. ಇಂಗ್ಲಿಷ್ ಕಟ್ಟೋದು 'ಹ್ಯಾವ್'ನಿಂದ. 'ಇದೆ' ಅಂದ ಕೂಡಲೇ ನಮ್ಮ ತಲೆಯಲ್ಲಿ 'ಈಸ್' ಬರುತ್ತೆ. ಹಬ್ಬಿದೆ, ಈಸ್ ಸ್ಪ್ರೆಡ್. ಬಂದಿದೆ, ಈಸ್ ಕಮ್. ನಿಮ್ಮ 'ಈಸ್' ಬಂದಿದ್ದು ಇಲ್ಲಿಂದ. ಇನ್ನೊಂದು ಕಾರಣವೂ ಇದೆ. ಇಂಗ್ಲಿಷಿನವರು ಮಾತಾಡುವಾಗ 'ಇಟ್ ಹ್ಯಾಸ್ ಸ್ಪ್ರೆಡ್' ಅಂತ ಬಿಡಿಸಿ ಹೇಳಲ್ಲ, 'ಇಟ್ಸ್ ಸ್ಪ್ರೆಡ್' ಅಂತ ನುಂಗುತ್ತಾರೆ. ಟಿವಿಯಲ್ಲಿ ಅದನ್ನು ಕೇಳಿದವರು 'ಇಟ್ ಈಸ್' ಅಂದುಕೊಳ್ಳುತ್ತಾರೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶಾಲೆಯ ನೋಟಿಸ್ ಬೋರ್ಡಿನಲ್ಲಿ 'ದಿ ಪ್ರಿನ್ಸಿಪಾಲ್ ಈಸ್ ಕಮ್' ಅನ್ನೋ ಥರದ ಒಂದು ಸಾಲು ಬರೆದು, ಮೂರು ದಿನ ಅದು ಅಲ್ಲೇ ಇತ್ತು. ಯಾರೂ ಏನೂ ಅನ್ನಲಿಲ್ಲ. ಅದು ಇನ್ನೂ ಅವಮಾನ.

ಆದರೆ 'ಈಸ್ ಸ್ಪ್ರೆಡ್' ಯಾವಾಗಲೂ ತಪ್ಪು ಅಂತ ಮನೆಗೆ ಹೋಗಬೇಡಿ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್ 700ಕ್ಕೂ ಹೆಚ್ಚು ಎಕರೆಯಲ್ಲಿ ಹರಡಿಕೊಂಡಿದೆ. ಇದನ್ನು 'ದಿ ಕ್ಯಾಂಪಸ್ ಈಸ್ ಸ್ಪ್ರೆಡ್ ಓವರ್' ಇಷ್ಟು ಎಕರೆ ಅಂತಲೇ ಹೇಳಬೇಕು. ಅಲ್ಲಿ ಏನೂ ಚಲಿಸುತ್ತಿಲ್ಲ. ಕ್ಯಾಂಪಸ್ ನಿನ್ನೆ ಸಣ್ಣದಿದ್ದು ಇವತ್ತು ಕುಕ್ಕರಹಳ್ಳಿ ಕೆರೆ ದಾಟಿಲ್ಲ. ಇರೋ ಸ್ಥಿತಿ ಹೇಳುತ್ತಿದ್ದೀರಿ. ಮೈಸೂರು ನಗರ ಇಲವಾಲದ ಕಡೆಗೆ ಹಬ್ಬಿದೆ ಅನ್ನುವಾಗ ಮಾತ್ರ 'ಹ್ಯಾಸ್ ಸ್ಪ್ರೆಡ್', ಯಾಕಂದರೆ ಅದು ನಿಜವಾಗಿ ಹಬ್ಬುತ್ತಾ ಬಂತು. ಕನ್ನಡದ ಕಿವಿಗೆ ಪರೀಕ್ಷೆ ಸುಲಭ: 'ಹರಡಿಕೊಂಡಿದೆ' ಅಂತ ಬಂದರೆ ಈಸ್, 'ಹಬ್ಬಿದೆ' ಅಂತ ಬಂದರೆ ಹ್ಯಾಸ್. ನೂರಕ್ಕೆ ನೂರು ಅಲ್ಲ, ಬಹುಪಾಲು ಕೆಲಸಕ್ಕೆ ಸಾಕು.

ಈಗ ಪಕ್ಕದ ಟೇಬಲ್ಲಿನವರ 'ಹ್ಯಾಸ್ ಬೀನ್ ಸ್ಪ್ರೆಡ್'. 'ಬೀನ್' ಸೇರಿಸಿದರೆ ಇಂಗ್ಲಿಷ್ ಹೊಳಪು ಬರುತ್ತೆ ಅನ್ನೋ ನಂಬಿಕೆ ನಮ್ಮ ಆಫೀಸುಗಳಲ್ಲಿ ಬಲವಾಗಿದೆ. ಹೊಳಪೇನೂ ಬರಲ್ಲ, ಅರ್ಥ ಬದಲಾಗುತ್ತೆ. ಇಲ್ಲೂ ಕನ್ನಡವೇ ಕೈ ಹಿಡಿಯುತ್ತೆ. ನಮ್ಮಲ್ಲಿ 'ಹಬ್ಬು' ಬೇರೆ, 'ಹಬ್ಬಿಸು' ಬೇರೆ. ಬಳ್ಳಿ ತಾನಾಗಿ ಹಬ್ಬುತ್ತೆ. ಚಪ್ಪರಕ್ಕೆ ನಾವು ಹಬ್ಬಿಸುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ಇರೋದು ಒಂದೇ ಪದ, ಸ್ಪ್ರೆಡ್. ಅದಕ್ಕೇ ಗೊಂದಲ.

ದೋಸೆ ಹಾಕೋದನ್ನು ಯೋಚಿಸಿ. ಕಾವಲಿ ಮೇಲೆ ಒಂದು ಸೌಟು ಹಿಟ್ಟು ಸುರಿದು ಸುಮ್ನೆ ಬಿಟ್ಟಿರಿ. ನೀರುನೀರಾಗಿದ್ದರೆ ಅದು ತಾನೇ ಅಂಗೈ ಅಗಲ ಹಬ್ಬುತ್ತೆ. 'ದಿ ಬ್ಯಾಟರ್ ಹ್ಯಾಸ್ ಸ್ಪ್ರೆಡ್.' ನೀವು ಸೌಟಿನ ತಳದಿಂದ ಸುತ್ತು ಹಾಕಿ ಹರಡಿದಿರಿ. 'ಐ ಹ್ಯಾವ್ ಸ್ಪ್ರೆಡ್ ದಿ ಬ್ಯಾಟರ್.' ಯಾರು ಹರಡಿದರು ಅನ್ನೋದು ಬೇಡ, ಹರಡಲಾಗಿದೆ ಅಂತಷ್ಟೇ ಹೇಳಬೇಕು. 'ದಿ ಬ್ಯಾಟರ್ ಹ್ಯಾಸ್ ಬೀನ್ ಸ್ಪ್ರೆಡ್.' ಈ ಕೊನೆಯ ವಾಕ್ಯದ ಹಿಂದೆ ಒಂದು ಕೈ ಇದೆ. ಹೆಸರು ಹೇಳದಿದ್ದರೂ ಕೈ ಇದೆ.

ಈಗ ನಿಮ್ಮ ರಿಪೋರ್ಟಿಗೆ ಬನ್ನಿ. ಬೆಂಕಿ ರೋಗ ಬರೋದು ಒಂದು ಶಿಲೀಂಧ್ರದಿಂದ. ಅದರ ಬೀಜಕಣಗಳು ಗಾಳಿಯಲ್ಲಿ ತೇಲಿ ಪಕ್ಕದ ಗದ್ದೆಗೆ ಹೋಗುತ್ತವೆ. ಯಾರೂ ಹಬ್ಬಿಸಿಲ್ಲ, ಅದೇ ಹಬ್ಬಿದೆ. 'ಹ್ಯಾಸ್ ಸ್ಪ್ರೆಡ್' ಸಾಕು. ನೀವು 'ಹ್ಯಾಸ್ ಬೀನ್ ಸ್ಪ್ರೆಡ್' ಅಂತ ಬರೆದರೆ ಓದುವವರು 'ಯಾರಿಂದ?' ಅಂತ ಕೇಳಬಹುದು. ರೋಗ ಇದ್ದ ಬಿತ್ತನೆ ಬೀಜದಿಂದ ಬಂತಾ? ಆ ಬೀಜ ಕೊಟ್ಟವರು ಯಾರು, ನಿಮ್ಮ ಕಂಪನಿಯೇನಾ? ಒಂದು 'ಬೀನ್' ಹಾಕಿ ಇಲ್ಲದ ತನಿಖೆಯನ್ನು ಮೈಮೇಲೆ ಎಳೆದುಕೊಂಡ ಹಾಗೆ. ವಾಟ್ಸಾಪಿನ ಗಾಳಿಸುದ್ದಿ ಬೇರೆ ವಿಷಯ. ಅದನ್ನು ಯಾರೋ ಬೇಕಂತಲೇ ಹಬ್ಬಿಸಿದ್ದಾರೆ ಅಂತ ನಿಮಗೆ ಹೇಳಬೇಕಿದ್ದರೆ 'ರೂಮರ್ಸ್ ಹ್ಯಾವ್ ಬೀನ್ ಸ್ಪ್ರೆಡ್' ಸರಿಯಾದ ಮಾತು.

'ಹ್ಯಾಡ್' ಹಾಕು ಅಂದ ಗೆಳೆಯರ ಸಲಹೆ ನಮ್ಮ ಊರಿನ ಹಳೇ ಕಾಯಿಲೆ. ಆಗಿಹೋದದ್ದಕ್ಕೆಲ್ಲ 'ಹ್ಯಾಡ್' ಅಂಟಿಸೋದು. ಕಾರಣ ಮತ್ತೆ ಕನ್ನಡವೇ. 'ನಿನ್ನೆ ಮಂಡ್ಯಕ್ಕೆ ಹೋಗಿದ್ದೆ' ಅನ್ನುತ್ತೇವೆ. ಹೋಗಿ ವಾಪಸ್ ಬಂದೆ ಅಂತ ಅದರ ಅರ್ಥ. ನೇರವಾಗಿ ಇಂಗ್ಲಿಷಿಗೆ ಇಳಿಸಿದರೆ 'ಐ ಹ್ಯಾಡ್ ಗಾನ್' ಆಗುತ್ತೆ. ಇಂಗ್ಲಿಷಿನಲ್ಲಿ ಅಲ್ಲಿ 'ಐ ವೆಂಟ್' ಸಾಕು. 'ಹ್ಯಾಡ್'ಗೆ ಕೆಲಸ ಸಿಗೋದು ಹಳೇ ಸಂಗತಿಗೂ ಮುಂಚೆ ಇನ್ನೊಂದು ಸಂಗತಿ ನಡೆದಿದ್ದಾಗ. 'ನಾವು ಹೋಗುವಷ್ಟರಲ್ಲಿ ರೋಗ ಹಬ್ಬಿತ್ತು.' ನಾವು ಹೋಗಿದ್ದು ಒಂದು, ಅದಕ್ಕೂ ಮುಂಚೆ ಹಬ್ಬಿದ್ದು ಇನ್ನೊಂದು. ಇಲ್ಲಿ 'ಹ್ಯಾಡ್ ಸ್ಪ್ರೆಡ್' ಚೆನ್ನಾಗಿ ಕೂರುತ್ತೆ. ಹಬ್ಬಿತು, ಹಬ್ಬಿತ್ತು: ಬರಹದಲ್ಲಿ ಒಂದು ತಕಾರದ ಒತ್ತಿನ ವ್ಯತ್ಯಾಸ, ಅರ್ಥದಲ್ಲಿ ಪೂರಾ ಒಂದು ಮೆಟ್ಟಿಲು.

ಇನ್ನು 'ನಿನ್ನೆ', 'ಹೋದ ವಾರ'. ನೀವು ಕೇಳಿಲ್ಲ, ಆದರೆ ಇಂಟರ್‌ವ್ಯೂನಲ್ಲಿ ಖಂಡಿತ ಎಡವೋದು ಇಲ್ಲೇ. ಕನ್ನಡದಲ್ಲಿ 'ಹೋದ ವಾರವೇ ಹಬ್ಬಿದೆ ಸಾರ್' ಅಂದರೆ ಯಾರೂ ಹುಬ್ಬೇರಿಸಲ್ಲ. ಇಂಗ್ಲಿಷಿನಲ್ಲಿ 'ಹ್ಯಾಸ್ ಸ್ಪ್ರೆಡ್ ಲಾಸ್ಟ್ ವೀಕ್' ನಡೆಯಲ್ಲ. ಮುಗಿದುಹೋದ ಒಂದು ದಿನ, ವಾರ, ವರ್ಷದ ಹೆಸರು ಬಾಯಿಗೆ ಬಂತು ಅಂದರೆ 'ಹ್ಯಾಸ್' ಬಿಟ್ಟುಬಿಡಬೇಕು. 'ಇಟ್ ಸ್ಪ್ರೆಡ್ ಲಾಸ್ಟ್ ವೀಕ್.' ಪ್ರಶ್ನೆಯಲ್ಲೂ ಹಾಗೇ. ಎಲ್ಲಿವರೆಗೆ ಹಬ್ಬಿದೆ ಅಂತ ಕೇಳಿದರೆ 'ಹೌ ಫಾರ್ ಹ್ಯಾಸ್ ಇಟ್ ಸ್ಪ್ರೆಡ್?' ಯಾವಾಗ ಹಬ್ಬಿತು ಅಂತ ಕೇಳಿದರೆ 'ವೆನ್ ಡಿಡ್ ಇಟ್ ಸ್ಪ್ರೆಡ್?' 'ಯಾವಾಗ' ಬಂದಾಗ ಕನ್ನಡವೂ 'ಹಬ್ಬಿತು' ಕಡೆಗೇ ವಾಲುತ್ತೆ, ಗಮನಿಸಿದ್ದೀರಾ?

ಪ್ರೆಸೆಂಟ್ ಪರ್ಫೆಕ್ಟ್ ಅಂದರೆ 'ಈಗಷ್ಟೇ ಮುಗಿದ ಕೆಲಸ' ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಅರ್ಧ ಸತ್ಯ. ಇಂಗ್ಲಿಷ್ ಭಾಷೆ ಪ್ರಪಂಚದ ತುಂಬಾ ಹಬ್ಬಿದೆ. ಅದು ನೂರಾರು ವರ್ಷದ ಕತೆ, ಆದರೂ 'ಹ್ಯಾಸ್ ಸ್ಪ್ರೆಡ್'. ಎಷ್ಟು ಹಳೆಯದು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಫಲ ಈಗ ಇದೆಯಾ, ದಿನಾಂಕದ ಹೆಸರು ಬಂದಿದೆಯಾ, ಇವೆರಡೇ ಲೆಕ್ಕ. ಅಂದಹಾಗೆ ಅಮೆರಿಕದವರು 'ಆಲ್ರೆಡಿ', 'ಜಸ್ಟ್' ಜೊತೆಗೂ ಎಷ್ಟೋ ಸಲ 'ಹ್ಯಾಸ್' ಬಿಟ್ಟು 'ಇಟ್ ಆಲ್ರೆಡಿ ಸ್ಪ್ರೆಡ್' ಅನ್ನುತ್ತಾರೆ. ಅವರ ಮಟ್ಟಿಗೆ ಅದು ತಪ್ಪಲ್ಲ. ಅಮೆರಿಕನ್ ಸೀರಿಯಲ್ ನೋಡಿ ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ವಾಕ್ಯದ ಮೂರನೇ ತಪ್ಪು 'ಸಿನ್ಸ್ ಟೆನ್ ಡೇಸ್'. ಕನ್ನಡದ 'ಇಂದ' ಎರಡು ಕೆಲಸ ಮಾಡುತ್ತೆ: ಸೋಮವಾರದಿಂದ, ಹತ್ತು ದಿನದಿಂದ. ಇಂಗ್ಲಿಷ್ ಅದನ್ನು ಇಬ್ಬರಿಗೆ ಹಂಚಿದೆ. ಶುರುವಾದ ಹೊತ್ತು ಹೇಳಿದರೆ 'ಸಿನ್ಸ್ ಮಂಡೇ'. ಎಷ್ಟು ಹೊತ್ತು ಅಂತ ಹೇಳಿದರೆ 'ಫಾರ್ ಟೆನ್ ಡೇಸ್'. ಇದರಲ್ಲಿ ಇನ್ನೊಂದು ಸಿಕ್ಕು ಇದೆ. 'ಹತ್ತು ದಿನದಿಂದ ಹಬ್ಬುತ್ತಿದೆ' ಅನ್ನೋದು 'ಈಸ್ ಸ್ಪ್ರೆಡಿಂಗ್' ಅಲ್ಲ, 'ಹ್ಯಾಸ್ ಬೀನ್ ಸ್ಪ್ರೆಡಿಂಗ್ ಫಾರ್ ಟೆನ್ ಡೇಸ್'. ಇಲ್ಲಿ ಮಾತ್ರ 'ಬೀನ್' ಬೇಕು, ಆದರೆ ಇದು ಪಕ್ಕದ ಟೇಬಲ್ಲಿನವರ 'ಬೀನ್' ಅಲ್ಲ. ಕೊನೆಯ 'ಇಂಗ್' ನೋಡಿ ಗುರುತು ಹಿಡಿಯಿರಿ.

ಈಗ ನಿಮ್ಮ ರಿಪೋರ್ಟಿನ ಸಾಲನ್ನು ಹೇಗೆ ಬರೆಯೋದು? ಮೂರು ದಾರಿ ಇವೆ, ಒಂದೊಂದಕ್ಕೂ ಒಂದೊಂದು ತೊಂದರೆ. 'ದಿ ಡಿಸೀಸ್ ಹ್ಯಾಸ್ ಸ್ಪ್ರೆಡ್ ಟು ತ್ರೀ ವಿಲೇಜಸ್' ಅಂದರೆ ಎಲ್ಲಿವರೆಗೆ ಬಂದಿದೆ ಅಂತ ಗೊತ್ತಾಗುತ್ತೆ. ಈಗಲೂ ಮುಂದೆ ಹೋಗ್ತಿದೆಯಾ ನಿಂತಿದೆಯಾ ಗೊತ್ತಾಗಲ್ಲ. 'ಹ್ಯಾಸ್ ಬೀನ್ ಸ್ಪ್ರೆಡಿಂಗ್ ಫಾರ್ ಟೆನ್ ಡೇಸ್' ಅಂದರೆ ಹತ್ತು ದಿನದಿಂದ ಹಬ್ಬುತ್ತಲೇ ಇದೆ ಅಂತ ಓದುವವರಿಗೆ ದಿಗಿಲು ಹುಟ್ಟುತ್ತೆ. ಎಲ್ಲಿವರೆಗೆ ಅನ್ನೋದು ತಪ್ಪಿಹೋಗುತ್ತೆ. ರೋಗ ಹತೋಟಿಗೆ ಬಂದ ಮೇಲೂ ಹೀಗೆ ಬರೆದರೆ ಹೆಡ್ ಆಫೀಸಿನವರು ಔಷಧಿ ಲೋಡು ಕಳಿಸಿಬಿಟ್ಟಾರು. 'ಸ್ಪ್ರೆಡ್ ಟು ತ್ರೀ ವಿಲೇಜಸ್ ಲಾಸ್ಟ್ ಮಂತ್' ಅಂದರೆ ಕತೆ ಮುಗಿದ ಹಾಗೆ ಕೇಳಿಸುತ್ತೆ. ಇನ್ನೂ ಇದ್ದರೆ ಹಾಗೆ ಬರೆಯಬೇಡಿ. ನಾನಾಗಿದ್ದರೆ ಎರಡು ಚಿಕ್ಕ ವಾಕ್ಯ ಮಾಡುತ್ತಿದ್ದೆ: 'ದಿ ಡಿಸೀಸ್ ವಾಸ್ ಫಸ್ಟ್ ಸೀನ್ ಟೆನ್ ಡೇಸ್ ಅಗೋ. ಇಟ್ ಹ್ಯಾಸ್ ನೌ ಸ್ಪ್ರೆಡ್ ಟು ತ್ರೀ ವಿಲೇಜಸ್.' ಬಾಯಿ ಕಟ್ಟಿಹೋದಾಗ ಬಳಸೋಕೆ ಇನ್ನೊಂದು ಅಡ್ಡದಾರಿಯೂ ಇದೆ: 'ಇಟ್ ಈಸ್ ನೌ ಇನ್ ತ್ರೀ ವಿಲೇಜಸ್.' ಸ್ಪ್ರೆಡ್ ಪದವೇ ಬೇಡ. ನಾಚಿಕೆ ಪಡಬೇಡಿ, ನಾನೂ ಎಷ್ಟೋ ಸಲ ಹೀಗೆ ಪಾರಾಗಿದ್ದೇನೆ.

ಬರೆಯುವಾಗ ಒಂದು ಚುಕ್ಕೆಯ ಅಪಾಯ ಇದೆ. ಮೇಲೆ ಅಪಾಸ್ಟ್ರಫಿ ಇಟ್ಟ 'ಇಟ್ಸ್ ಸ್ಪ್ರೆಡ್' ಅಂದರೆ ಅದು ಹಬ್ಬಿದೆ. ಅಪಾಸ್ಟ್ರಫಿ ಇಲ್ಲದ 'ಇಟ್ಸ್ ಸ್ಪ್ರೆಡ್' ಅಂದರೆ ಅದರ ಹಬ್ಬುವಿಕೆ. ಫೋನಿನ ಕೀಬೋರ್ಡು ತನಗಿಷ್ಟ ಬಂದ ಹಾಗೆ ಇದನ್ನು ಬದಲಾಯಿಸುತ್ತೆ. ರಿಪೋರ್ಟಿನಲ್ಲಿ ಪೂರ್ತಿ 'ಇಟ್ ಹ್ಯಾಸ್' ಅಂತ ಬರೆಯೋದೇ ವಾಸಿ.

ಹಬ್ಬುವ ಬೇರೆ ಕ್ರಿಯಾಪದಗಳ ಬಗ್ಗೆ ಎರಡು ಮಾತು, ಯಾಕಂದರೆ ಇಂಟರ್‌ವ್ಯೂನವರು ಅಕ್ಕಪಕ್ಕ ಕೇಳಬಹುದು. 'ಬ್ರಾಡ್‌ಕಾಸ್ಟ್' ನಿಮ್ಮ ಕಸುಬಿನ ಪದ. ರೇಡಿಯೋ ಬರುವ ಎಷ್ಟೋ ಮುಂಚೆ ಅದಕ್ಕಿದ್ದ ಅರ್ಥ ಬೀಜವನ್ನು ಕೈಯಿಂದ ಎರಚಿ ಬಿತ್ತೋದು. ಆಮೇಲೆ ಧ್ವನಿ ಎರಚೋದಕ್ಕೂ ಅದೇ ಪದ ಬಂತು. 1930ರ ದಶಕದಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದರು. ಅದರ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರು ಬಂತು. 'ದಿ ನೇಮ್ ಹ್ಯಾಸ್ ಸ್ಪ್ರೆಡ್' ಅನ್ನೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ. ಬ್ರಾಡ್‌ಕಾಸ್ಟಿಗೂ ಬಾಲ ಬೇಡ, 'ಹ್ಯಾಸ್ ಬ್ರಾಡ್‌ಕಾಸ್ಟ್'. 'ಬ್ರಾಡ್‌ಕಾಸ್ಟೆಡ್' ಕೂಡ ನಿಘಂಟಿನಲ್ಲಿದೆ, ಬಳಕೆ ಕಡಿಮೆ. 'ರೇಡಿಯೇಟ್' (ಒಂದು ನಡುವಿನಿಂದ ಸುತ್ತಲೂ ಚಾಚೋದು) ಪಾಪದ ಪದ, ಮಾಮೂಲಿ 'ಈಡಿ' ಸೇರಿಸಿದರೆ ಆಯಿತು. ಆದರೆ ಮೈಸೂರಿನ ಕೆ.ಆರ್. ಸರ್ಕಲ್ಲಿನಿಂದ ರಸ್ತೆಗಳು ನಾಲ್ಕೂ ಕಡೆ ಚಾಚಿಕೊಂಡಿವೆ ಅನ್ನೋದಕ್ಕೆ 'ಹ್ಯಾವ್ ರೇಡಿಯೇಟೆಡ್' ಅನ್ನಬೇಡಿ. ರಸ್ತೆಗಳು ಇದ್ದಲ್ಲೇ ಇವೆ, 'ದಿ ರೋಡ್ಸ್ ರೇಡಿಯೇಟ್' ಸಾಕು. ಕನ್ನಂಬಾಡಿ ಕಟ್ಟೆ ತುಂಬಿ ಹರಿದಾಗಲೆಲ್ಲ 'ಹ್ಯಾಸ್ ಓವರ್‌ಫ್ಲೋನ್' ಅಂತ ಯಾರಾದರೂ ಬರೆಯುತ್ತಾರೆ. ಅದು ಹಾರುವ 'ಫ್ಲೈ'ನ ಬಾಲ. ಹರಿಯುವ ನೀರಿಗೆ 'ಓವರ್‌ಫ್ಲೋಡ್'.

ಇಂಟರ್‌ವ್ಯೂಗೆ ತಯಾರಿ ಅಂತ ನಿಯಮ ಉರು ಹೊಡೆಯಬೇಡಿ. ದಿನಾ ಗದ್ದೆಯಲ್ಲಿ ನೋಡಿದ್ದನ್ನು ಮೊದಲು ಕನ್ನಡದಲ್ಲೇ ಹೇಳಿಕೊಳ್ಳಿ. ಕ್ರಿಯಾಪದದ ಕೊನೆ 'ಇತು' ಅಂತ ಬಂತಾ, 'ಇದೆ' ಅಂತ ಬಂತಾ, 'ಇತ್ತು' ಅಂತ ಬಂತಾ ಅಂತ ಕಿವಿಗೊಟ್ಟು ಕೇಳಿ, ಆಮೇಲೆ ಇಂಗ್ಲಿಷಿಗೆ ಬನ್ನಿ. ಮನೆಯಲ್ಲಿ 'ಹಬ್ಬೈತೆ' ಅಂತ ಬಂದರೂ ಪರವಾಗಿಲ್ಲ, ಆ 'ಐತೆ'ಯೂ 'ಇದೆ'ನೇ. ಎರಡು ವಾರ ಮಾಡಿ ನೋಡಿ.

ಇನ್ನೊಂದು. ಮುಂದಿನ ರಿಪೋರ್ಟಿನ ಸಬ್ಜೆಕ್ಟ್ ಲೈನಿನಲ್ಲಿ ಬರೀ 'ಬ್ಲಾಸ್ಟ್ ಹ್ಯಾಸ್ ಸ್ಪ್ರೆಡ್' ಅಂತ ಹಾಕಬೇಡಿ, 'ಪ್ಯಾಡಿ ಬ್ಲಾಸ್ಟ್' ಅಂತ ಹಾಕಿ. ಬೆಂಕಿ ರೋಗದ ಇಂಗ್ಲಿಷ್ ಹೆಸರು ಗೊತ್ತಿಲ್ಲದ ಅಕೌಂಟ್ಸಿನವರು ಯಾರಾದರೂ ಓದಿದರೆ, ಮಂಡ್ಯದಲ್ಲಿ ಏನೋ ಸಿಡಿದಿದೆ ಅಂತ ಫೋನ್ ಮಾಡಿಯಾರು.